ಕತ್ತಿನ ಆಪರೇಷನ್ನು, ಆಮೇಲೊಂದು ಅವರೆಕಾಯಿ ಕಾಲ

ಮೊದಲು ನನಗೆ ಅನುಮಾನ ಬಂದದ್ದು ಮಷೀನಿನ ಮೇಲೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅರಸೀಕೆರೆಯ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅದನ್ನು ಶುರು ಮಾಡಿದ್ದು ಅಪ್ಪ. ನಮ್ಮ ಕೇರಿಯಿಂದ ಹೋಗಿ ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಕೂತ ಮೊದಲಿಗರು ಅವರು, ಟೈಪಿಸ್ಟ್ ಆಗಿ. ರಿಟೈರ್ ಆದ ಮೇಲೆ ಹಳೇ ಮಷೀನುಗಳನ್ನು ಕೊಂಡು ಊರಿನವರಿಗೆ ಕಲಿಸತೊಡಗಿದರು. ಅವರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ನಾನು ಮದುವೆಯಾಗಲಿಲ್ಲ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಒಬ್ಬಳೇ ತಂಗಿಯನ್ನು ಹಳೇಬೀಡಿನ ಹತ್ತಿರದ ಮಾದಿಹಳ್ಳಿಗೆ ಕೊಟ್ಟಿತ್ತು. ಅಲ್ಲಿ ಅವಳು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು.

ನನಗಿದ್ದ ಹೆಮ್ಮೆಯೆಲ್ಲ ಬೆರಳುಗಳದ್ದು. ಹೊಸದಾಗಿ ಸೇರಿದವರನ್ನು ಸುತ್ತ ನಿಲ್ಲಿಸಿಕೊಂಡು, ಬಾಯಿಪಾಠವಾಗಿದ್ದ ಒಂದು ಕಚೇರಿ ಪತ್ರವನ್ನು ಕೀಗಳ ಕಡೆ ನೋಡದೆ, ಕಿಟಕಿಯಾಚೆ ಲಾರಿಗೆ ಮೂಟೆ ಹೇರುವುದನ್ನು ನೋಡುತ್ತಲೇ ಹೊಡೆದು ತೋರಿಸುತ್ತಿದ್ದೆ. ಹಾಳೆ ಹೊರಗೆಳೆದು ಅವರ ಕೈಗೆ ಕೊಟ್ಟರೆ ಒಂದು ತಪ್ಪೂ ಇರುತ್ತಿರಲಿಲ್ಲ. ಅವರ ಕಣ್ಣು ಅರಳುತ್ತಿದ್ದುದನ್ನು ನೋಡುವುದು ನನಗೆ ತುಂಬಾ ಇಷ್ಟ.

ಒಂದು ಬೆಳಿಗ್ಗೆ ಹಾಗೆ ಹೊಡೆಯುತ್ತಿರುವಾಗ ಎರಡು ಅಕ್ಷರದ ಕಡ್ಡಿಗಳು ಒಟ್ಟಿಗೇ ಎದ್ದು ಸಿಕ್ಕಿಕೊಂಡವು. ಬಿಡಿಸಿ ಮುಂದುವರಿಸಿದೆ. ಮತ್ತೆ ಸಿಕ್ಕಿಕೊಂಡವು. ಹಾಳೆ ತೆಗೆದು ನೋಡಿದರೆ ಸಾಲು ಸಾಲಿನಲ್ಲೂ ತಪ್ಪು. "ಈ ಮಷೀನು ಕೆಟ್ಟಿದೆ" ಅಂದೆ. ಪಕ್ಕದ ಮಷೀನಿಗೆ ಹೋದೆ, ಅದೂ ಹಾಗೇ. ಹಾಸನದಿಂದ ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಎಣ್ಣೆ ಬಿಟ್ಟು, ಒರೆಸಿ, ತಾನೇ ಒಂದು ಪುಟ ಹೊಡೆದು ತೋರಿಸಿ, "ಮಷೀನ್ ಬೆಣ್ಣೆ ಥರ ಇದೆ ಮೇಡಂ" ಎಂದು ಹೇಳಿ ಹೋದ.

ಆಮೇಲೆ ಒಂದೊಂದಾಗಿ ಶುರುವಾಯಿತು. ರವಿಕೆಯ ಹುಕ್ಕು ಹಾಕಿಕೊಳ್ಳಲು ಅವ್ವನನ್ನು ಕರೆಯಬೇಕಾಯಿತು. ಅನ್ನ ಕಲಸಿದರೆ ತುತ್ತು ಬೆರಳಸಂದಿಯಿಂದ ಉದುರುತ್ತಿತ್ತು. ಸಂತೆಯಿಂದ ಬರುವಾಗ ಹಿಂದಿನಿಂದ ಯಾರೋ ಕೂಗಿದರು: "ರೀ ಅಮ್ಮಾ, ನಿಮ್ಮ ಚಪ್ಪಲಿ ಅಲ್ಲೇ ಬಿದ್ದೈತೆ ಕಣ್ರೀ!" ತಿರುಗಿ ನೋಡಿದೆ. ಒಂದು ಚಪ್ಪಲಿ ರಸ್ತೆಯ ಮಧ್ಯೆ ಬಿದ್ದಿತ್ತು. ಬರಿಗಾಲಲ್ಲಿ ಅಷ್ಟು ದೂರ ನಡೆದಿದ್ದರೂ ನನಗೆ ಗೊತ್ತೇ ಆಗಿರಲಿಲ್ಲ. ಮುಖ ತೊಳೆಯಲು ಬಗ್ಗಿದರೆ ಕತ್ತಿನಿಂದ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತೆ ಜುಂ ಎಂದು ಇಳಿಯುತ್ತಿತ್ತು. ನೋವು ಮಾತ್ರ ಇರಲಿಲ್ಲ. ನೋವಿದ್ದಿದ್ದರೆ ಬೇಗ ಎಚ್ಚೆತ್ತುಕೊಳ್ಳುತ್ತಿದ್ದೆನೋ ಏನೋ. ಊರಿನ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ಕು, ಮಾತ್ರೆ ಬರೆದುಕೊಟ್ಟರು. ಅದನ್ನೇ ನಂಬಿಕೊಂಡು ಕುಡಿದೆ, ನುಂಗಿದೆ.

ಅವ್ವನಿಗೆ ಟಾನಿಕ್ಕಿನಲ್ಲಿ ನಂಬಿಕೆ ಇರಲಿಲ್ಲ. ಬಿಕ್ಕೋಡಿನ ಕಡೆ ಉಳುಕು ತೆಗೆಯುವ ಒಬ್ಬರಿದ್ದಾರೆ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಎರಡು ಬಸ್ಸು ಬದಲಾಯಿಸಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಆತ ನನ್ನನ್ನು ಮಣೆಯ ಮೇಲೆ ಕೂರಿಸಿ, ಕತ್ತಿಗೆ ಎಣ್ಣೆ ಸವರಿ, ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಕೈ ನೆತ್ತಿಯ ಮೇಲೆ ಇಟ್ಟರು. ತಲೆಯನ್ನು ಒಂದಿಷ್ಟೇ ತಿರುಗಿಸಿದ್ದರು. ಎರಡೂ ತೋಳಿಗೆ, ಎರಡೂ ಕಾಲಿಗೆ ಒಟ್ಟಿಗೇ ಆ ಕರೆಂಟು ಹರಿಯಿತು. ನಾನು ಅವರ ಕೈ ತಳ್ಳಿ ಎದ್ದುಬಿಟ್ಟೆ.

"ಹೆದರ್ಕಂಡ್ರೆ ಹೆಂಗಮ್ಮ? ಒಂದ್ಸಲ ಟಕ್ ಅಂದ್ರೆ ಮುಗೀತು, ನಡ್ಕಂಡು ಹೋಯ್ತೀರ" ಅಂದರು.

"ಬೇಡಿ. ನನಗೆ ಬೇಡ" ಅಂದೆ. ವಾಪಸು ಬರುವ ದಾರಿಯುದ್ದಕ್ಕೂ ಅವ್ವ ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದಳು.

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಕಲಿಯುವವರನ್ನೆಲ್ಲ ಕರೆದುಕೊಂಡು ಬೇಲೂರು, ಹಳೇಬೀಡಿಗೆ ಹೋಗಿಬರುವುದು ಅಪ್ಪನ ಕಾಲದಿಂದ ನಡೆದುಬಂದದ್ದು. ಆ ವರ್ಷವೂ ಹೋದೆವು. ಹಳೇಬೀಡಿನಲ್ಲಿ ತಂಗಿ ಮಾದಿಹಳ್ಳಿಯಿಂದ ಮೊಸರನ್ನದ ದೊಡ್ಡ ಪಾತ್ರೆ ಹೊತ್ತು ಬಂದು ನಮಗಾಗಿ ಕಾಯುತ್ತಿದ್ದಳು. ದೇವಸ್ಥಾನದ ಗೋಡೆಯ ಮೇಲಿನ ಸಾಲಿನ ಕೆತ್ತನೆ ನೋಡಲು ತಲೆಯೆತ್ತಿ ನಿಂತಿದ್ದೆ. ಕೈಗಳೆರಡೂ ಜುಮುಗುಟ್ಟಿದವು. ಸರಿ, ಇಳಿಯೋಣವೆಂದು ಜಗಲಿಯ ಮೆಟ್ಟಿಲಿಗೆ ಕಾಲಿಟ್ಟೆ. ಇಟ್ಟೆ ಎಂದುಕೊಂಡೆ. ಕಾಲು ಅಲ್ಲಿರಲಿಲ್ಲ. ಎಲ್ಲರೆದುರೂ ಉರುಳಿ ಕೆಳಗೆ ಬಿದ್ದೆ. ಹಣೆ ಒಡೆದು ರಕ್ತ ಬಂತು.

ತಂಗಿ ಓಡಿಬಂದು ತಲೆಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಹಣೆ ಒತ್ತಿಹಿಡಿದಳು.

"ಕಾಲು ಜಾರ್ತಾ ಅಕ್ಕ?"

"ಜಾರಲಿಲ್ಲ ಕಣೇ. ಕಾಲು ಎಲ್ಲಿಟ್ಟೆ ಅಂತಲೇ ಗೊತ್ತಾಗಲಿಲ್ಲ."

ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು. "ಇದು ನಿಶ್ಶಕ್ತಿ ಅಲ್ಲ. ನಾಳೆನೇ ಹಾಸನಕ್ಕೆ ಹೋಗಾಣ, ದೊಡ್ಡ ಡಾಕ್ಟ್ರತ್ರ."

"ಇನ್‌ಸ್ಟಿಟ್ಯೂಟ್ ಏನು ಮಾಡ್ಲಿ?"

"ಬೀಗ ಹಾಕು. ನಿನ್ನ ಮಷೀನು ಮೇವು ಕೇಳ್ತಾವಾ? ನಾನು ಹಸುನೇ ಬಿಟ್ಟು ಬತ್ತೀನಿ ಅಂತಿದೀನಿ."

ಹಾಸನದ ಡಾಕ್ಟರು ನನ್ನನ್ನು ಮಂಚದ ಅಂಚಿನಲ್ಲಿ ಕೂರಿಸಿ ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಒದ್ದಂತೆ ಹಾರಿತು. ಆಮೇಲೆ ಮುಷ್ಟಿಯನ್ನು ಬೇಗ ಬೇಗ ಬಿಚ್ಚಿ ಮುಚ್ಚಲು ಹೇಳಿದರು. ನನಗೆ ನಗು ಬಂತು, ಟೈಪಿಂಗ್ ಕಲಿಸುವವಳಿಗೆ ಇದೊಂದು ಪರೀಕ್ಷೆಯೇ ಎಂದು. ಮುಚ್ಚಿದೆ. ಬಿಚ್ಚಲು ಹೋದರೆ ಬೆರಳುಗಳು ನಿಧಾನವಾಗಿ, ಒಂದರ ಹಿಂದೆ ಒಂದು, ಮನಸ್ಸಿಲ್ಲದ ಮನಸ್ಸಿನಿಂದ ತೆರೆದುಕೊಂಡವು. ಅವಸರ ಮಾಡಿದಷ್ಟೂ ನಿಧಾನವಾದವು. ಅಲ್ಲೇ ಕಣ್ಣಲ್ಲಿ ನೀರು ಬಂತು.

"ತೊಂದರೆ ಕೈಯದ್ದೂ ಅಲ್ಲ, ಕಾಲಿನದ್ದೂ ಅಲ್ಲಮ್ಮ. ಕತ್ತಿನದು" ಅಂದರು ಡಾಕ್ಟರು. "ಅಲ್ಲಿ ಬೆನ್ನುಹುರಿ ಒತ್ತಿಕೊಂಡಿರೋ ಹಾಗೆ ಕಾಣುತ್ತೆ. ಬೆಂಗಳೂರಲ್ಲಿ ಸ್ಕ್ಯಾನ್ ಮಾಡಿಸಿ. ತಡ ಮಾಡಬೇಡಿ."

ವಿಚಿತ್ರವೆಂದರೆ ನನಗೆ ಆಗ ಹೆದರಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಮಷೀನು ಕೆಟ್ಟಿರಲಿಲ್ಲ, ಬೆರಳುಗಳೂ ಕೆಟ್ಟಿರಲಿಲ್ಲ. ನಡುವಿನ ದಾರಿ ಎಲ್ಲೋ ಕಟ್ಟಿಕೊಂಡಿತ್ತು, ಅಷ್ಟೇ.

ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಅದರ ಸದ್ದು ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಎಲ್ಲರೂ ಒಟ್ಟಿಗೆ ಹೊಡೆಯುವ ಸದ್ದಿಗಿಂತ ಜೋರು. ಮಾರನೆಯ ದಿನ ಆಸ್ಪತ್ರೆಯ ಸರ್ಜನ್ ಆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗಿಂತ ಚಿಕ್ಕವರು, ಮೆಲುದನಿಯವರು. ಕತ್ತಿನ ಮೂಳೆಗಳು ಒಂದರ ಮೇಲೊಂದು ಕೂತಿದ್ದವು. ಅವುಗಳ ಹಿಂದೆ ಬೆನ್ನುಹುರಿ ಮೇಲಿನಿಂದ ದಪ್ಪಗೆ ಇಳಿದು ಬಂದು, ಎರಡು ಕಡೆ ಹಿಚುಕಿದಂತೆ ತೆಳ್ಳಗಾಗಿತ್ತು.

"ಮೂಳೆಗಳ ನಡುವೆ ಮೆತ್ತೆ ಥರ ಡಿಸ್ಕ್ ಇರುತ್ತೆ. ಅದು ಸವೆದು ಹಿಂದಕ್ಕೆ ಉಬ್ಬಿ ಹುರಿಯನ್ನ ಒತ್ತಿದೆ" ಅಂದರು. "ಕತ್ತಿನ ಮುಂಭಾಗದಿಂದ ಹೋಗಿ ಆ ಎರಡು ಡಿಸ್ಕ್ ತೆಗೀತೀವಿ. ಸೊಂಟದಿಂದ ಚೂರು ಮೂಳೆ ತಂದು ಆ ಜಾಗದಲ್ಲಿಟ್ಟು, ಪ್ಲೇಟು ಹಾಕಿ ಸ್ಕ್ರೂ ಬಿಗೀತೀವಿ."

ತಂಗಿಗೆ ಅದು ಒಪ್ಪಿಗೆಯಾಗಲಿಲ್ಲ. "ತೊಂದ್ರೆ ಇರೋದು ಹಿಂದ್ಗಡೆ. ಮುಂದ್ಗಡೆಯಿಂದ ಯಾಕೆ ಕುಯ್ಯೋದು ಸಾರ್?"

ಅವರು ನಕ್ಕರು. "ಹಿಂದಿನಿಂದ ಹೋದ್ರೆ ಮೊದಲು ಹುರಿ ಸಿಗುತ್ತೆ, ಅದನ್ನ ದಾಟಿ ಡಿಸ್ಕ್ ಹತ್ರ ಹೋಗೋಕಾಗಲ್ಲ. ಮುಂದಿನಿಂದ ಗಂಟಲು, ಅನ್ನನಾಳ ಪಕ್ಕಕ್ಕೆ ಸರಿಸಿದ್ರೆ ನೇರ ದಾರಿ. ಸ್ವಲ್ಪ ದಿನ ಧ್ವನಿ ಗೊಗ್ಗರಾಗಬಹುದು. ನುಂಗೋಕೆ ಕಷ್ಟ ಆಗಬಹುದು."

ನಾನು ಕೇಳಬೇಕಾದದ್ದನ್ನು ಕೇಳಿದೆ. "ನನ್ನ ಬೆರಳು ಮೊದಲಿನ ಥರ ಆಗುತ್ತಾ ಡಾಕ್ಟ್ರೇ?"

"ಸುಳ್ಳು ಹೇಳಲ್ಲಮ್ಮ. ಆಪರೇಷನ್ ಮಾಡೋದು ಇನ್ನಷ್ಟು ಹಾಳಾಗೋದನ್ನ ನಿಲ್ಲಿಸೋಕೆ. ಹೋಗಿರೋದು ಎಷ್ಟು ವಾಪಸ್ ಬರುತ್ತೆ ಅನ್ನೋದು ಹುರಿ ಎಷ್ಟು ನಲುಗಿದೆ ಅನ್ನೋದರ ಮೇಲಿದೆ. ಕೆಲವರಿಗೆ ಚೆನ್ನಾಗಿ ಬರುತ್ತೆ. ಕೆಲವರಿಗೆ ಅರ್ಧಂಬರ್ಧ. ಅಪಾಯನೂ ಇದೆ, ಇಲ್ಲ ಅನ್ನಲ್ಲ. ಆದರೆ ನಿಮ್ಮ ಕೈಕಾಲಿನ ಶಕ್ತಿ ಬೇಗ ಇಳೀತಾ ಇದೆ."

ಬಿಕ್ಕೋಡಿನ ಕಡೆ ಹೋಗಿ ಎದ್ದುಬಂದದ್ದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಎದ್ದು ಬಂದಿರಲ್ಲ, ಬಹಳ ಒಳ್ಳೇದು ಮಾಡಿದಿರಿ. ಇಂಥ ಕತ್ತನ್ನ ಹಾಗೆ ತಿರುಗಿಸಿದ್ರೆ ಏನು ಬೇಕಾದರೂ ಆಗಬಹುದಿತ್ತು" ಅಂದರು.

ಊರಿಗೆ ಬಂದ ಮೇಲೆ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. "ಕುತ್ತಿಗೆಗೆ ಚಾಕು ಹಾಕಿಸ್ಕತಾರಾ ಯಾರಾದ್ರೂವೆ?" ಎಂದು ಅವ್ವ ಅಳುತ್ತಾ ಕೂತಳು. ಸೋದರಮಾವ ಬಂದವರು, "ಆ ಆಪರೇಷನ್ ಆದೋರು ಯಾರೂ ಹಾಸಿಗೆಯಿಂದ ಎದ್ದಿಲ್ಲ ಕಣಮ್ಮ" ಅಂದರು.

ತಂಗಿ ಒಲೆಯ ಮುಂದಿನಿಂದ ಎದ್ದು ಬಂದಳು. "ಯಾರು ಎದ್ದಿಲ್ಲ ಮಾವ? ಹೆಸರು ಹೇಳಿ, ಊರು ಹೇಳಿ. ಈಗ್ಲೇ ಬಸ್ ಹತ್ತಿ ಹೋಗಿ ನೋಡ್ಕಂಡು ಬತ್ತೀನಿ."

ಮಾವನಿಗೆ ಹೆಸರೂ ಹೊಳೆಯಲಿಲ್ಲ, ಊರೂ ಹೊಳೆಯಲಿಲ್ಲ. "ಜನ ಅಂತಾರಪ್ಪ" ಎಂದು ಕಾಫಿ ಲೋಟ ಎತ್ತಿಕೊಂಡರು.

ಅವ್ವನಿಗೆ ಮಾತ್ರ ನಾನೇ ಹೇಳಬೇಕಿತ್ತು. "ಅವ್ವ, ಹಿಂಗೇ ಬಿಟ್ರೆ ಇನ್ನೊಂದು ವರ್ಷಕ್ಕೆ ನೀನು ನನಗೆ ತುತ್ತು ಕೊಡಬೇಕಾಗುತ್ತೆ. ನಿನ್ನ ಕೈತುತ್ತು ತಿನ್ನೋಕೆ ನನಗೇನೂ ಬೇಜಾರಿಲ್ಲ. ಆದರೆ ನಿನಗೆ ವಯಸ್ಸಾದಾಗ ಉಣ್ಣಿಸೋಕೆ ನನಗೆ ಕೈ ಬೇಕು." ಬೆಳಿಗ್ಗೆ ಎದ್ದು ನೋಡಿದರೆ ಅವಳು ನನ್ನ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿ, ಬುದ್ಧನ ಪಟದ ಮುಂದೆ ದೀಪ ಹಚ್ಚುತ್ತಿದ್ದಳು.

ದಸರಾ ಕಳೆದ ಮೇಲೆ ಆಪರೇಷನ್ ಆಯಿತು. ಒಳಗೆ ತಳ್ಳಿಕೊಂಡು ಹೋಗುವಾಗ ತಂಗಿ ಬಾಗಿಲವರೆಗೂ ನನ್ನ ಹೆಬ್ಬೆರಳು ಹಿಡಿದುಕೊಂಡು ಬಂದಳು. ಬಿಟ್ಟಾಗ ಬಿಟ್ಟಳೆಂದು ನನಗೆ ತಿಳಿಯಲಿಲ್ಲ. ಅಷ್ಟರಮಟ್ಟಿಗೆ ಸ್ಪರ್ಶ ಹೋಗಿತ್ತು.

ಎಚ್ಚರವಾದಾಗ ಗಂಟಲು ಉರಿಯುತ್ತಿತ್ತು. ಕತ್ತಿನ ಸುತ್ತ ಗಟ್ಟಿಯಾದ ಪಟ್ಟಿ. ಸರ್ಜನ್ ಕಾಲ ಬಳಿ ನಿಂತಿದ್ದರು. "ಕಾಲ್ಬೆರಳು ಆಡಿಸಿಮ್ಮ." ಆಡಿಸಿದೆ. "ಈಗ ಕೈ. ನನ್ನ ಬೆರಳು ಹಿಡೀರಿ. ಬಿಗಿಯಾಗಿ." ಹಿಡಿದೆ. ಅವರು ಬಗ್ಗಿ, "ಬಿಡಿಮ್ಮ ಈಗ, ನನಗೆ ನಾಳೆಗೂ ಬೆರಳು ಬೇಕು" ಅಂದರು. ಪಕ್ಕದಲ್ಲಿದ್ದ ನರ್ಸಮ್ಮ ಜೋರಾಗಿ ನಕ್ಕಳು. ನಗಬೇಕೆಂದು ನಾನೂ ಬಾಯಿ ತೆರೆದೆ, ಗಾಳಿ ಮಾತ್ರ ಹೊರಟಿತು.

ಅಷ್ಟಾದರೂ ನನಗೆ ನಂಬಿಕೆ ಬಂದದ್ದು ಮಾರನೆಯ ದಿನ, ಇಬ್ಬರು ಹಿಡಿದು ಮಂಚದಿಂದ ಇಳಿಸಿದಾಗ. ಪಾದ ನೆಲಕ್ಕೆ ತಾಗಿತು. ತಣ್ಣಗಿತ್ತು. ಎಷ್ಟೋ ತಿಂಗಳಿಂದ ನನ್ನ ಪಾದಗಳಿಗೆ ನೆಲವೆಂದರೆ ಹತ್ತಿಯ ಹಾಸಿಗೆಯಂತೆ, ಬಿಸಿಯೂ ಇಲ್ಲ ತಂಪೂ ಇಲ್ಲ. ಈಗ ಮೊಸಾಯಿಕ್ಕಿನ ತಂಪು ಹಿಮ್ಮಡಿಯಿಂದ ಮೇಲೇರಿತು.

"ನೆಲ ತಣ್ಣಗಿದೆ ಕಣೇ" ಎಂದು ಪಿಸುಗುಟ್ಟಿದೆ.

"ಚಪ್ಪಲಿ ತರ್ಲಾ?" ಅಂದಳು ತಂಗಿ ಗಾಬರಿಯಾಗಿ.

"ಬೇಡ್ವೇ! ತಣ್ಣಗಿದೆ ಅಂತ ಗೊತ್ತಾಗ್ತಾ ಇದೆ!"

ಅವಳಿಗೆ ಅರ್ಥವಾಯಿತು. ಅಲ್ಲೇ ಕೆಳಗೆ ಕೂತು ನನ್ನ ಎರಡೂ ಪಾದ ಹಿಡಿದುಕೊಂಡು ಅತ್ತಳು. ಆ ದಿನಗಳಲ್ಲಿ ಅವಳು ಅತ್ತದ್ದು ಅದೊಂದೇ ಸಲ. ಕತ್ತಿಗಿಂತ ಮೂಳೆ ತೆಗೆದ ಸೊಂಟವೇ ಹೆಚ್ಚು ನೋಯುತ್ತಿತ್ತು. ಗಂಜಿ ನುಂಗುವುದೂ ಕಷ್ಟವಾಗಿತ್ತು. ಅದ್ಯಾವುದೂ ಈಗ ನನಗೆ ಸರಿಯಾಗಿ ನೆನಪಿಲ್ಲ. ನೆಲದ ಆ ತಂಪು ನೆನಪಿದೆ.

ಅಲ್ಲಿಂದ ನೇರ ಮಾದಿಹಳ್ಳಿಗೆ ಕರೆದುಕೊಂಡು ಹೋದಳು. ಅವ್ವನೂ ಬಂದಳು. ಕತ್ತಿಗೆ ಕಾಲರ್ ಹಾಕಿಕೊಂಡು ಬೆಳಿಗ್ಗೆ, ಸಂಜೆ ಗದ್ದೆಯ ಬದುವಿನ ಪಕ್ಕದ ದಾರಿಯಲ್ಲಿ ನಡೆಯುವುದು ನನ್ನ ಕೆಲಸ. ಡೈರಿಗೆ ಹಾಲು ತರುವ ಹೆಂಗಸರೆಲ್ಲ ನಿಂತು ವಿಚಾರಿಸುತ್ತಿದ್ದರು. ಕತ್ತು ತಿರುಗಿಸಲಾಗದ ನಾನು ಇಡೀ ದೇಹವನ್ನೇ ತಿರುಗಿಸಿ, ಗೊಗ್ಗರು ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಕಾಲು ದಿನದಿನಕ್ಕೆ ನೆಟ್ಟಗಾಯಿತು. ಬೆರಳುಗಳು ಮಾತ್ರ ಹಿಂದುಳಿದವು. ಮೆತ್ತನೆಯ ರಬ್ಬರ್ ಚೆಂಡು ಹಿಚುಕಿರಿ ಎಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಎರಡೇ ದಿನಕ್ಕೆ ನನಗೆ ಅದು ಬೇಸರವಾಯಿತು.

ಅಷ್ಟು ಹೊತ್ತಿಗೆ ಅವರೆಕಾಯಿ ಕಾಲ ಬಂತು. ಇಡೀ ಊರು ಸೊಗಡಿನ ವಾಸನೆ. ತಂಗಿ ಒಂದು ಬೆಳಿಗ್ಗೆ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ನನ್ನ ಮುಂದೆ ತಂದಿಟ್ಟಳು. "ಇವತ್ತು ಹಿತಕಿದ ಬೇಳೆ ಸಾರು. ಹಿತುಕು."

"ನನ್ನ ಕೈಲಾಗುತ್ತಾ?"

"ಆಗ್ದಿದ್ರೆ ಸಾರಿಲ್ಲ."

ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹೊರಬರಬೇಕು. ಚಿಕ್ಕ ಮಕ್ಕಳೂ ಮಾಡುವ ಕೆಲಸ. ನನ್ನ ಮೊದಲ ಕಾಳು ಜಾರಿತು. ಎರಡನೆಯದು ಜಜ್ಜಿಹೋಯಿತು. ಇನ್ನೊಂದು ಬಂದೂಕಿನ ಗುಂಡಿನಂತೆ ಹಾರಿ ಅವ್ವನ ಕನ್ನಡಕಕ್ಕೆ ಬಡಿಯಿತು. ಅವ್ವ ಬೆಚ್ಚಿಬಿದ್ದು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ಆ ಮಧ್ಯಾಹ್ನ ಸಾರು ಮೂರು ಗಂಟೆಗೆ ಆಯಿತು, ಅದೂ ಬೇಳೆಗಿಂತ ಸಿಪ್ಪೆಯೇ ಹೆಚ್ಚಿದ್ದ ಸಾರು. ತಂಗಿಯ ಗಂಡ ಮಾತಾಡದೆ ಮುದ್ದೆ ಮುರಿದು ಉಂಡರು.

ದಿನವೂ ಬೋಗುಣಿ ಬಂತು. ಉಪ್ಪಿಟ್ಟಿಗೆ, ರೊಟ್ಟಿಗೆ, ಸಾರಿಗೆ, ಪಕ್ಕದ ಮನೆಯವರ ಸಾರಿಗೂ. ಯಾವತ್ತು ತಿರುವು ಬಂತೆಂದು ಹೇಳಲಾರೆ. ಒಂದು ದಿನ ಅವ್ವನ ಜೊತೆ ಏನೋ ಹರಟುತ್ತಾ ಕೂತವಳು ಕೆಳಗೆ ನೋಡಿದರೆ ಬೋಗುಣಿ ಖಾಲಿಯಾಗಿತ್ತು, ತಟ್ಟೆ ತುಂಬಾ ಹಸಿರು ಬೇಳೆ. ನಾನು ಬೆರಳುಗಳನ್ನು ನೋಡಿರಲೇ ಇಲ್ಲ. ಅವ್ವ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಎದ್ದು ಕೊಟ್ಟಿಗೆಗೆ ಓಡಿದೆ, ಅಕ್ಷರಶಃ ಓಡಿದೆ. ಹಾಲು ಕರೆಯುತ್ತಿದ್ದ ತಂಗಿಯ ಮುಂದೆ ಎರಡೂ ಮುಷ್ಟಿ ಎತ್ತಿ ಹಿಡಿದು ಬಿಚ್ಚಿದೆ, ಮುಚ್ಚಿದೆ, ಬಿಚ್ಚಿದೆ, ಮುಚ್ಚಿದೆ. ಹಸು ಗಾಬರಿಯಾಗಿ ತಂಬಿಗೆ ಒದ್ದಿತು. ಹಾಲೆಲ್ಲ ಚೆಲ್ಲಿತು.

"ಚೆಲ್ಲಲಿ ಬಿಡು!" ಎಂದು ತಂಗಿ ಕೂಗಿದಳು. "ಇನ್ನೊಂದ್ಸಲ ಮಾಡಕ್ಕ, ಇನ್ನೊಂದ್ಸಲ!"

ಯುಗಾದಿ ಕಳೆದ ಮೇಲೆ ಇನ್‌ಸ್ಟಿಟ್ಯೂಟಿನ ಬೀಗ ತೆಗೆದೆ. ಎಡಗೈಯ ಕಿರುಬೆರಳು ಇವತ್ತಿಗೂ ಮರಗಟ್ಟಿದಂತಿದೆ, ತಲೆ ಪೂರಾ ಎತ್ತಿ ಆಕಾಶ ನೋಡಲಾರೆ. ಮೊದಲಿನ ವೇಗ ಬರಲು ಒಂದೂವರೆ ವರ್ಷವೇ ಹಿಡಿಯಿತು. ಆದರೆ ಬಂತು. ಅಷ್ಟರಲ್ಲಿ ಊರಿಗೆ ಕಂಪ್ಯೂಟರು ಬಂದು, "ಇನ್ನು ಟೈಪಿಂಗ್ ಯಾರಿಗೆ ಬೇಕು ಮೇಡಂ?" ಎಂದು ಕೆಲವರು ಕನಿಕರ ತೋರಿಸಿದರು. ನಾನು ಎರಡು ಕಂಪ್ಯೂಟರು ತಂದು, ಕೈಪಿಡಿ ಓದಿ ಕಲಿತು, ಕಲಿಸಿದೆ. ಮೆದುವಾದ ಆ ಕೀಗಳು ನನ್ನ ಬೆರಳಿಗೆ ಹೇಳಿ ಮಾಡಿಸಿದಂತಿದ್ದವು.

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ, ಹಾರನಹಳ್ಳಿಯಿಂದ ನನ್ನಲ್ಲಿಗೆ ಕಲಿಯಲು ಬರುತ್ತಿದ್ದ ಒಬ್ಬಳು ಒಂದು ದಿನ ಅಳುತ್ತಾ ನಿಂತಳು. ಅವಳ ತಾಯಿಯ ಕೈಯಿಂದ ಪಾತ್ರೆ ಜಾರುತ್ತದೆ, ಗೋಡೆ ಹಿಡಿಯದೆ ನಡೆಯಲಾಗದು. ಸ್ಕ್ಯಾನ್ ಮಾಡಿಸಿದ್ದಾರೆ, ಕತ್ತಿಗೆ ಆಪರೇಷನ್ ಬೇಕೆಂದಿದ್ದಾರೆ. ತಂದೆ ಮಾತ್ರ ಬಿಲ್‌ಕುಲ್ ಒಪ್ಪುತ್ತಿಲ್ಲ. ಆ ಭಾನುವಾರ ನಾನೇ ಟೆಂಪೋ ಹತ್ತಿ ಹಾರನಹಳ್ಳಿಗೆ ಹೋದೆ.

ತಂದೆ ತೆಂಗಿನ ತೋಟದ ಯಜಮಾನರು, ವಿಭೂತಿ ಹಚ್ಚಿದ ಗಂಭೀರ ಮನುಷ್ಯ. "ಕುತ್ತಿಗೆ ಕುಯ್ಸಿ ಇವಳನ್ನ ಹಾಸಿಗೆಗೆ ಹಾಕಕ್ಕೆ ನಾನು ತಯಾರಿಲ್ಲ ಮೇಡಂ" ಅಂದರು.

ನಾನು ಸೆರಗು ಸರಿಸಿ ಕತ್ತು ತೋರಿಸಿದೆ. ಅವರ ಹೆಂಡತಿ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಹುಡುಕಿದರು. "ಎಲ್ಲಿ ಕುಯ್ದವ್ರೆ? ಕಾಣಂಗೇ ಇಲ್ವಲ್ಲ!"

"ಇಲ್ಲೇ, ಈ ಗೆರೆ" ಅಂದೆ. "ನಿಮಗೆ ಏನು ಮಾಡಬೇಕು ಅನ್ನೋದನ್ನ ಡಾಕ್ಟ್ರು ಹೇಳ್ತಾರೆ, ನಾನಲ್ಲ. ಆದರೆ ಹಾಸಿಗೆ ಹಿಡೀತಾರೆ ಅನ್ನೋ ಮಾತಿದೆಯಲ್ಲ, ಅದಕ್ಕೆ ನಾನು ಬಂದಿದ್ದು. ಯಜಮಾನ್ರೇ, ನಿಮ್ಮ ತೋಟ ಎಲ್ಲೀವರೆಗಿದೆ ತೋರಿಸಿ ಬನ್ನಿ."

ಅವರು ಮುಂದೆ ಹೊರಟರು. ನಾನು ಸೆರಗು ಸಿಕ್ಕಿಸಿಕೊಂಡು ಬಿರುಸಾಗಿ ನಡೆದೆ. ಕಾಲುವೆ ದಾಟಿದೆ, ಗರಿಗಳ ರಾಶಿ ದಾಟಿದೆ. ತೋಟದ ತುದಿಯ ಬೇಲಿ ಮುಟ್ಟಿ ತಿರುಗಿದಾಗ ಅವರು ಹಿಂದೆ ಬಿದ್ದು, ಏದುಸಿರು ಬಿಡುತ್ತಾ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಮನೆಯ ಜಗಲಿಯ ಮೇಲೆ ಕಂಬ ಹಿಡಿದು ನಿಂತಿದ್ದ ಅವರ ಹೆಂಡತಿ ನಗುತ್ತಿದ್ದುದು ಅಷ್ಟು ದೂರಕ್ಕೂ ಕೇಳಿಸಿತು.

ಆ ತಿಂಗಳೇ ಬೆಂಗಳೂರಿಗೆ ಹೋದರು. ಮುಂದಿನ ಮಳೆಗಾಲ ಮುಗಿದ ಮೇಲೆ ನಾನು ಮತ್ತೆ ಹಾರನಹಳ್ಳಿಗೆ ಹೋದಾಗ ಜಗಲಿಯಲ್ಲಿ ಯಜಮಾನರೊಬ್ಬರೇ ಕೂತಿದ್ದರು.

"ಮನೆಯವರೆಲ್ಲಿ?" ಅಂದೆ, ಒಳಗೆ ಇಣುಕುತ್ತಾ.

"ಏನು ಹೇಳಲಿ ಮೇಡಂ" ಎಂದು ಅವರು ಹಣೆ ಚಚ್ಚಿಕೊಂಡರು. "ಈಗ ನನ್ನ ಮಾತೇ ಕೇಳಲ್ಲ. ಬೆಳಗಾದ್ರೆ ಅಕ್ಕನ ಮನೆ, ತಂಗಿ ಮನೆ, ದೇವಸ್ಥಾನ. ಎಲ್ಲಿಗೆ ಅಂದ್ರೆ ಅಲ್ಲಿಗೆ ಹೊರಟೇ ಬಿಡ್ತಾಳೆ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಆಕೆ ಕಾಣಿಸಿಕೊಂಡರು. ತಲೆಯ ಮೇಲೆ ಹೊರೆಯಿಲ್ಲ, ಕೈಯಲ್ಲಿ ಕೋಲಿಲ್ಲ, ಯಾರ ಹೆಗಲೂ ಇಲ್ಲ. ಗಂಡನ ಮಾತು ಕೇಳಿಸಿಕೊಂಡಿದ್ದರು.

"ಕಾಲೈತೆ, ಹೋಯ್ತೀನಿ!" ಅಂದರು.